ಠಾಣೆಯಲ್ಲಿ ಮನೆ ಮಾಡುವ ಮುನ್ನ: ಕೆರೆ, ಲೋಕಲ್ ರೈಲು, ರಾಜಹಂಸ

ಅಕ್ಕನವರೇ, ಯಜಮಾನರಿಗೆ ಮುಂಬೈಗೆ ವರ್ಗವಾಗಿದೆ, ಕಚೇರಿ ಫೋರ್ಟ್ ಭಾಗದಲ್ಲಿ, ಮನೆ ಮಾತ್ರ ಮುಂಬೈ ಪಕ್ಕದ ಠಾಣೆ ನಗರದಲ್ಲಿ ಮಾಡೋಣವೆಂದಿದ್ದೇವೆ, ವಿಜಯಪುರ ಬಿಟ್ಟ ಮೇಲೆ ಹಕ್ಕಿ ನೋಡುವುದು ನಿಂತೇ ಹೋಗುತ್ತದೆಯೇ ಎಂದು ಗುಂಪಿನಲ್ಲಿ ಕೇಳಿದ್ದೀರಿ. ನಿಲ್ಲುವುದಿಲ್ಲ. ಭೂತನಾಳ ಕೆರೆಯ ದಂಡೆಯಲ್ಲಿ ಹಕ್ಕಿ ಗುರುತಿಸಲು ಕಲಿತು, ಆಮೇಲೆ ಠಾಣೆಯಲ್ಲಿ ಸಂಸಾರ ಹೂಡಿದವನು ನಾನು. ಧೈರ್ಯವಾಗಿ ಬನ್ನಿ. ಆದರೆ ಮನೆ ಹುಡುಕುವಾಗ ಮೊದಲು ಕೆರೆ ನೋಡಬೇಡಿ, ರೈಲು ನಿಲ್ದಾಣ ನೋಡಿ.

ಏಜೆಂಟರು ನಿಮ್ಮನ್ನು ಘೋಡ್‌ಬಂದರ್ ರಸ್ತೆಗೇ ಕರೆದುಕೊಂಡು ಹೋಗುತ್ತಾರೆ. ಮನೆಗಳು ದೊಡ್ಡವು, ಹೊಸವು, ಬಾಲ್ಕನಿಯಲ್ಲಿ ನಿಂತರೆ ಬೆಟ್ಟ ಕಾಣುತ್ತದೆ. ಆದರೆ ಅಲ್ಲಿಂದ ಬೆಳಿಗ್ಗೆ ನಿಲ್ದಾಣ ತಲುಪುವುದರೊಳಗೇ ಯಜಮಾನರು ಅರ್ಧ ದಣಿದಿರುತ್ತಾರೆ. ಠಾಣೆಯಿಂದ ಫೋರ್ಟ್ ಪಕ್ಕದ ದೊಡ್ಡ ನಿಲ್ದಾಣವಾದ ಮುಂಬೈ ಸಿಎಸ್‌ಎಂಟಿಗೆ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ರೈಲಿನಲ್ಲಿ ಸುಮಾರು ಒಂದು ಗಂಟೆ. ದೇಶದ ಮೊದಲ ಪ್ರಯಾಣಿಕರ ರೈಲು 1853ರ ಏಪ್ರಿಲ್ 16ರಂದು ಬೋರಿ ಬಂದರಿನಿಂದ ಠಾಣೆಗೆ ಓಡಿದ್ದು ಇದೇ ದಾರಿಯಲ್ಲಿ, 34 ಕಿಲೋಮೀಟರ್. ಆ ದೂರ ಹೆಚ್ಚಲ್ಲ, ನಿಲ್ದಾಣದವರೆಗಿನ ರಸ್ತೆಯೇ ಜೀವ ಹಿಂಡುತ್ತದೆ. ಅದಕ್ಕೇ ನೌಪಾಡಾ ಅಥವಾ ಪಾಚ್‌ಪಾಖಾಡಿಯಲ್ಲಿ ಹಳೆಯ ಕಟ್ಟಡದ ಸಣ್ಣ ಮನೆಯಾದರೂ ಸರಿ, ನಡೆದು ನಿಲ್ದಾಣಕ್ಕೆ ಹೋಗುವಂತಿರಲಿ. ಇನ್ನೊಂದು ಮಾತು. ಕಲ್ಯಾಣದ ಕಡೆಯಿಂದ ಬರುವ ಫಾಸ್ಟ್ ಲೋಕಲ್‌ಗಳು ಬೆಳಗಿನ ಹೊತ್ತು ತುಂಬಿಕೊಂಡೇ ಬರುತ್ತವೆ. ಠಾಣೆಯಿಂದಲೇ ಹೊರಡುವ ಸ್ಲೋ ಲೋಕಲ್‌ಗಳೂ ಇವೆ. ಸಮಯ ತುಸು ಹೆಚ್ಚು ಹಿಡಿದರೂ ಕುಳಿತುಕೊಂಡು ಹೋಗಬಹುದು.

ಬಾಡಿಗೆ ಕರಾರನ್ನು ಅಲ್ಲಿ ಸಾಮಾನ್ಯವಾಗಿ 11 ತಿಂಗಳಿಗೆ ಮಾಡುತ್ತಾರೆ. ಅವಧಿ ಎಷ್ಟೇ ಇರಲಿ, ಮಹಾರಾಷ್ಟ್ರದ ಕಾನೂನಿನಂತೆ ಅದು ನೋಂದಣಿ ಆಗಲೇಬೇಕು. ಬರಿಯ ಛಾಪಾ ಕಾಗದದ ಮೇಲೆ ಸಹಿ ಹಾಕಿ ಬರಬೇಡಿ. ಕಟ್ಟಡದಲ್ಲಿ ನೀರು ದಿನಕ್ಕೆ ಎಷ್ಟು ಹೊತ್ತು ಬರುತ್ತದೆ, ಟ್ಯಾಂಕರ್ ತರಿಸುತ್ತಾರೆಯೇ ಎಂಬುದನ್ನು ಏಜೆಂಟರ ಬದಲು ಕಾವಲುಗಾರನನ್ನು ಕೇಳಿ.

ಇನ್ನು ಮಳೆ. ನಮ್ಮಲ್ಲಿ ವರ್ಷವಿಡೀ ಬೀಳುವಷ್ಟು ಮಳೆ ಅಲ್ಲಿ ಜುಲೈ ಒಂದರಲ್ಲೇ ಸುರಿಯುತ್ತದೆ. ಸಾಧ್ಯವಾದರೆ ಜುಲೈನಲ್ಲೇ ಮನೆ ನೋಡಿ. ಗೋಡೆ ಒದ್ದೆಯಾಗುವ ಮನೆ ಯಾವುದೆಂದು ಯಾರನ್ನೂ ಕೇಳಬೇಕಿಲ್ಲ. ನಿಮ್ಮ ಬೈನಾಕ್ಯುಲರ್ ಬಗ್ಗೆ ನನಗೆ ಹೆಚ್ಚು ಚಿಂತೆ. ವಿಜಯಪುರದ ಒಣ ಹವೆಯಲ್ಲಿ ಅದನ್ನು ಕಪಾಟಿನಲ್ಲಿ ಹಾಗೇ ಇಟ್ಟರೂ ನಡೆಯುತ್ತದೆ. ಅಲ್ಲಿ ಮಳೆಗಾಲದಲ್ಲಿ ಹಾಗೆ ಇಟ್ಟರೆ ಮಸೂರದ ಒಳಗೆ ಜೇಡರ ಬಲೆಯ ಎಳೆಯಂತೆ ಬೂಷ್ಟು ಹಬ್ಬುತ್ತದೆ, ಒರೆಸಿದರೆ ಹೋಗುವುದಿಲ್ಲ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ನೀಲಿ ಹರಳು ತೇವ ಹೀರಿ ಗುಲಾಬಿ ಬಣ್ಣಕ್ಕೆ ತಿರುಗಿದರೆ ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಿ. ಚರ್ಮದ ಚೀಲವನ್ನು ಊರಲ್ಲೇ ಬಿಟ್ಟು ಬನ್ನಿ.

ಠಾಣೆಯನ್ನು ಕೆರೆಗಳ ನಗರ ಎನ್ನುತ್ತಾರೆ, ನಿಜ. ಆದರೆ ಅವು ಊರ ನಡುವಿನ ಸಣ್ಣ ಕೆರೆಗಳು, ಸುತ್ತ ಕಟ್ಟೆ, ಬೇಲಿ, ದೀಪ. ಆಲಮಟ್ಟಿ ಹಿನ್ನೀರಿನ ಪಟ್ಟೆತಲೆ ಹೆಬ್ಬಾತುಗಳನ್ನು ಅಲ್ಲಿ ಹುಡುಕಬೇಡಿ. ಮಾಸುಂದಾ ಕೆರೆಯನ್ನು ಎಲ್ಲರೂ ತಲಾವ್ ಪಾಳಿ ಎನ್ನುತ್ತಾರೆ, ಪಕ್ಕದಲ್ಲೇ ಕೋಪಿನೇಶ್ವರ ಗುಡಿ. ಸಂಜೆ ಕಾಲಿಡಲು ಜಾಗವಿರುವುದಿಲ್ಲ, ಮುಂಜಾನೆ ಹೋಗಿ. ಕಚರಾಳಿ ಕೆರೆಯ ಸುತ್ತ ನಡೆಯಲು ಒಳ್ಳೆಯ ದಾರಿಯಿದೆ. ನೀರುಕಾಗೆ, ಕೊಳದ ಬಕ ಇಷ್ಟು ಸಿಕ್ಕರೆ ಸಾಕೆಂದುಕೊಳ್ಳಿ. ಉಪವನ ಕೆರೆ ಬೇರೆಯೇ ಮಾತು. ಅದು ಯೇವೂರ್ ಬೆಟ್ಟದ ಬುಡದಲ್ಲಿದೆ, ಬೆಟ್ಟವೇರಿದರೆ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಕಾಡು. ರಾಜಹಕ್ಕಿಯ (ಪ್ಯಾರಡೈಸ್ ಫ್ಲೈಕ್ಯಾಚರ್) ಉದ್ದ ಬಾಲ ಮರದ ನೆರಳಲ್ಲಿ ಹೊಳೆಯುವುದನ್ನು ನೋಡಲು ಅಲ್ಲಿಗೇ ಹೋಗಬೇಕು. ಚಿರತೆಗಳಿರುವ ಕಾಡು, ಒಬ್ಬರೇ ಹೋಗಬೇಡಿ. ಕತ್ತಲಾಗುವ ಮೊದಲೇ ಇಳಿದುಬಿಡಿ.

ನಿಮಗೆ ಸಂತೋಷ ಕೊಡುವುದು ಮಾತ್ರ ಠಾಣೆ ಖಾರಿ. ಸಮುದ್ರದ ನೀರು ಉಬ್ಬರದಲ್ಲಿ ಏರಿ ಇಳಿತದಲ್ಲಿ ಸರಿಯುವ ಜಾಗ, ಎರಡೂ ಬದಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡು. 2015ರಲ್ಲಿ ಅದರ ಒಂದು ಭಾಗವನ್ನು ರಾಜಹಂಸ (ಫ್ಲೆಮಿಂಗೊ) ಅಭಯಾರಣ್ಯವೆಂದು ಘೋಷಿಸಿದರು, 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿಗೂ ಸೇರಿತು. ಆಲಮಟ್ಟಿಯಲ್ಲಿ ನಾವು ನೋಡುವುದು ದೊಡ್ಡ ರಾಜಹಂಸ, ಗುಲಾಬಿ ಕೊಕ್ಕು, ತುದಿಯಷ್ಟೇ ಕಪ್ಪು. ಖಾರಿಯಲ್ಲಿ ಹೆಚ್ಚಾಗಿ ಇರುವುದು ಕಿರು ರಾಜಹಂಸ, ಗಿಡ್ಡ, ಇಡೀ ಕೊಕ್ಕು ಕಡುಗೆಂಪು, ದೂರಕ್ಕೆ ಕಪ್ಪೆಂದೇ ಕಾಣುತ್ತದೆ. ತಲೆ ತಗ್ಗಿಸಿ ಕೊಕ್ಕನ್ನು ತಲೆಕೆಳಗು ಮಾಡಿ ಕೆಸರಿನ ಮೇಲಿನ ಪಾಚಿಯನ್ನು ಸೋಸಿ ತಿನ್ನುತ್ತದೆ. ಊರಿನ ಕೊಳಚೆ ಸೇರಿದ ನೀರಿನಲ್ಲಿ ಆ ಪಾಚಿ ಹುಲುಸಾಗಿ ಬೆಳೆಯುವುದೂ ಅಷ್ಟು ಹಕ್ಕಿಗಳು ಬರಲು ಒಂದು ಕಾರಣ. ಆ ಕೊಳಚೆಯನ್ನು ಒಪ್ಪಲು ನನಗೆ ಮನಸ್ಸಿಲ್ಲ, ಆದರೆ ಇರುವುದು ಹಾಗೆ.

ನವೆಂಬರ್‌ನಿಂದ ಮೇ ವರೆಗೆ ಒಳ್ಳೆಯ ಕಾಲ. ಠಾಣೆಯಿಂದ ವಾಶಿ ಕಡೆಯ ಲೋಕಲ್ ಹತ್ತಿ ಐರೋಲಿಯಲ್ಲಿ ಇಳಿದು, ಆಟೋದಲ್ಲಿ ಅರಣ್ಯ ಇಲಾಖೆಯ ಜೀವವೈವಿಧ್ಯ ಕೇಂದ್ರಕ್ಕೆ ಹೋದರೆ ಅಲ್ಲಿಂದ ದೋಣಿ ಸಿಗುತ್ತದೆ. ದೋಣಿಯ ಸಮಯ ಪ್ರತಿದಿನ ಬದಲಾಗುತ್ತದೆ, ಅದು ಉಬ್ಬರ ಇಳಿತಕ್ಕೆ ತಕ್ಕಂತೆ. ಹಿಂದಿನ ದಿನವೇ ಕೇಳಿ, ಜಾಗ ಕಾದಿರಿಸಿ ಹೊರಡಿ. ಮನೆ ನೋಡಲು ಬರುವ ವಾರವನ್ನು ಇಲ್ಲೇ ಬರೆದು ತಿಳಿಸಿ, ಭಾನುವಾರವಾದರೆ ನಾನೂ ಜೊತೆಗೆ ಬರುತ್ತೇನೆ.