ಮಂಗಳೂರು, ಉಡುಪಿ ಕಡೆ ಆಲೂಗಡ್ಡೆಗೆ ‘ಬಟಾಟೆ’ ಅಂತ ಯಾಕೆ ಹೇಳ್ತಾರೆ?

ಅದು ಪೋರ್ಚುಗೀಸರ ‘ಬಟಾಟಾ’. ಈ ಗಡ್ಡೆ ಮೂಲತಃ ದಕ್ಷಿಣ ಅಮೆರಿಕದ್ದು, ನಮ್ಮಲ್ಲಿ ಇರಲೇ ಇಲ್ಲ. ಇಲ್ಲದ ವಸ್ತುವಿಗೆ ಹೆಸರು ಎಲ್ಲಿರುತ್ತದೆ? ಸಾಮಾನು ತಂದವರ ಬಾಯಲ್ಲಿದ್ದ ಹೆಸರೇ ಕರಾವಳಿಯಲ್ಲಿ ನಿಂತಿತು. ಪೋರ್ಚುಗೀಸರು 1510ರಲ್ಲಿ ಗೋವಾ ಹಿಡಿದ ಮೇಲೆ ಈ ತೀರದ ಬಂದರುಗಳ ಜೊತೆ ಅವರ ವ್ಯವಹಾರ ಜಾಸ್ತಿಯಾಯಿತು. ಕೊಂಕಣಿ, ತುಳು, ಇಲ್ಲಿನ ಕನ್ನಡ ಮೂರರಲ್ಲೂ ಈ ಪದ ಇರುವುದು ಅದಕ್ಕೇ. ಸಂಜೆ ಉಡುಪಿಯ ಹೋಟೆಲಿನಲ್ಲಿ ಕೂತು ‘ಒಂದು ಪ್ಲೇಟ್ ಬಟಾಟೆ ಪೋಡಿ’ (ಬಜ್ಜಿ) ಅಂದಾಗ ಅದೇ ಹಳೇ ಹೆಸರು ನಾಲಿಗೆ ಮೇಲಿರುತ್ತದೆ.

ನನಗೆ ತುಂಬಾ ಇಷ್ಟವಾದ ಸಂಗತಿ ಬೇರೆ. ‘ಬಟಾಟಾ’ ಪೋರ್ಚುಗೀಸರದ್ದೂ ಅಲ್ಲ. ಕೆರಿಬಿಯನ್ ದ್ವೀಪಗಳ ಟೈನೊ ಜನ ಸಿಹಿಗೆಣಸಿಗೆ ಇಟ್ಟಿದ್ದ ಹೆಸರು ಅದು. ಯುರೋಪಿನವರು ಎರಡು ಗಡ್ಡೆಗಳನ್ನು ಗೊಂದಲ ಮಾಡಿಕೊಂಡರು, ಸಿಹಿಗೆಣಸಿನ ಹೆಸರು ಆಲೂಗಡ್ಡೆಗೆ ಅಂಟಿತು. ಇಂಗ್ಲಿಷಿನ ಪೊಟ್ಯಾಟೊ ಕೂಡ ಅದರಿಂದಲೇ ಬಂದದ್ದು, ನಮ್ಮ ಬಟಾಟೆಯ ಒಡಹುಟ್ಟು.

‘ಆಲೂಗಡ್ಡೆ’ಯೇ ಸರಿಯಾದ ಕನ್ನಡ ಅನ್ನುವವರೂ ಇದ್ದಾರೆ. ಆದರೆ ‘ಆಲು’ ಅಂದರೇನೇ ಗಡ್ಡೆ, ಅಲ್ವಾ? ಅಲ್ಲಿ ಗಡ್ಡೆ ಎರಡು ಸಲ ಬಂದಿದೆ.