ಪಿಎಸ್‌ಎ ಪರೀಕ್ಷೆ ಮಾಡಿಸಲೋ, ಬೇಡವೋ?

ಪ್ರಶ್ನೆ: ಡಾಕ್ಟರೇ, ನನಗೆ 62 ವರ್ಷ, ನಿವೃತ್ತ ಮೇಷ್ಟ್ರು. ಬಿಪಿ ಮಾತ್ರೆ ಬಿಟ್ಟರೆ ಬೇರೇನಿಲ್ಲ, ಮೂತ್ರದ ತೊಂದರೆಯೂ ಇಲ್ಲ. ನನ್ನ ಜೊತೆ ವಾಕಿಂಗ್ ಬರುವ ಗೆಳೆಯರೊಬ್ಬರಿಗೆ ಹೆಲ್ತ್ ಚೆಕಪ್ ಪ್ಯಾಕೇಜಿನ ರಕ್ತ ಪರೀಕ್ಷೆಯಲ್ಲಿ ಪಿಎಸ್‌ಎ ಜಾಸ್ತಿ ಬಂದು, ಪ್ರಾಸ್ಟೇಟ್ (ಗಂಡಸರ ಮೂತ್ರಕೋಶದ ಕೆಳಗಿರುವ ಗ್ರಂಥಿ) ಕ್ಯಾನ್ಸರ್ ಅಂತ ಆಪರೇಷನ್ ಆಯಿತು. 'ಆ ಪರೀಕ್ಷೆಯಿಂದಲೇ ಉಳಿದುಕೊಂಡೆ, ನೀವೂ ಮಾಡಿಸಿ' ಅಂತಾರೆ. ಆದರೆ ಈಗ ಕೆಮ್ಮಿದರೆ ಅವರಿಗೆ ಮೂತ್ರ ಸೋರುತ್ತದೆ. ನಾನೇನು ಮಾಡಲಿ?

ಉತ್ತರ: ಮೇಷ್ಟ್ರೇ, ನಿಮ್ಮ ಗೆಳೆಯರನ್ನು ಆ ಪರೀಕ್ಷೆ ಉಳಿಸಿರಬಹುದು. ಪರೀಕ್ಷೆ ಮಾಡಿಸದಿದ್ದರೂ ಇವತ್ತು ವಾಕಿಂಗಿಗೆ ಬರುತ್ತಲೇ ಇದ್ದರೇನೋ! ಯಾವುದು ನಿಜ ಅಂತ ಅವರಿಗೂ ತಿಳಿಯದು, ನನಗೂ ತಿಳಿಯದು. ಪ್ರಾಸ್ಟೇಟ್ ಕ್ಯಾನ್ಸರ್‌ಗಳಲ್ಲಿ ಬಹಳಷ್ಟು ಆಮೆ ನಡಿಗೆಯವು. ಅದು ಇದೆ ಅಂತ ಗೊತ್ತೇ ಆಗದೆ, ವಯಸ್ಸಾಗಿ ಬೇರೆ ಕಾರಣಕ್ಕೆ ತೀರಿಕೊಳ್ಳುವವರು ತುಂಬಾ ಮಂದಿ.

ಯುರೋಪಿನ ಎಂಟು ದೇಶಗಳಲ್ಲಿ 23 ವರ್ಷ ನಡೆದ ಅಧ್ಯಯನದ ಲೆಕ್ಕ 2025ರಲ್ಲಿ ಬಂತು. 456 ಗಂಡಸರನ್ನು ಪರೀಕ್ಷೆಗೆ ಕರೆದರೆ ಈ ಕ್ಯಾನ್ಸರಿನಿಂದ ಆಗುವ ಒಂದು ಸಾವು ತಪ್ಪುತ್ತದೆ. ಪರೀಕ್ಷೆ ಇಲ್ಲದಿದ್ದರೆ ಗೊತ್ತಾಗದೇ ಇರುತ್ತಿದ್ದ 12 ಕ್ಯಾನ್ಸರ್ ಹೊರಬಿದ್ದರೆ, ಉಳಿದ ಜೀವ ಒಂದು. ಮಿಕ್ಕ 11 ಮಂದಿಗೆ ಸಿಗುವುದು ಚಿಂತೆ, ಕೆಲವರಿಗೆ ಆಪರೇಷನ್ನೂ.

ಪಿಎಸ್‌ಎ ಜಾಸ್ತಿ ಅಂದ ಮಾತ್ರಕ್ಕೆ ಕ್ಯಾನ್ಸರ್ ಅಲ್ಲ. ಅದು ಪ್ರಾಸ್ಟೇಟ್ ಗ್ರಂಥಿಯೇ ತಯಾರಿಸುವ ಪ್ರೋಟೀನ್. ಗ್ರಂಥಿ ಊದಿದರೂ ಏರುತ್ತದೆ, ಸೋಂಕಾದರೂ ಏರುತ್ತದೆ. ಒಮ್ಮೆ ಒಬ್ಬರು 9 ಅಂತ ಬಂದ ರಿಪೋರ್ಟ್ ಹಿಡಿದು, ಮಗನ ಜೊತೆ, ಮುಖ ಬಾಡಿಸಿಕೊಂಡು ಬಂದಿದ್ದರು. ವಿಚಾರಿಸಿದರೆ, ಉರಿಮೂತ್ರಕ್ಕೆ ಮಾತ್ರೆ ನುಂಗುತ್ತಿದ್ದಾಗಲೇ ರಕ್ತ ಕೊಟ್ಟಿದ್ದರು. ಆರು ವಾರ ಬಿಟ್ಟು ಮತ್ತೆ ಮಾಡಿಸಿದೆವು. 2.1! ಆ ಆರು ವಾರ ಮನೆಯವರು ಯಾರೂ ನೆಟ್ಟಗೆ ನಿದ್ದೆ ಮಾಡಿರಲಿಲ್ಲ.

ಹಾಗಂತ ಪರೀಕ್ಷೆಯೇ ಬೇಡ ಅನ್ನುವವನಲ್ಲ ನಾನು. ಈಗ ರಿಪೋರ್ಟ್ ನೋಡಿದ ಕೂಡಲೇ ಸೂಜಿ ಹಾಕಿ ಗ್ರಂಥಿಯ ತುಣುಕು ತೆಗೆಯುವುದಿಲ್ಲ, ಮೊದಲು ಎಂಆರ್‌ಐ ಸ್ಕ್ಯಾನ್ ಮಾಡುತ್ತೇವೆ. ಮೆಲ್ಲಗೆ ಬೆಳೆಯುವ ಕ್ಯಾನ್ಸರ್ ಆದರೆ ಕತ್ತರಿ ಹಿಡಿಯದೆ ಕಣ್ಣಿಟ್ಟು ಕಾಯಬಹುದು. ಬ್ರಿಟನ್ನಿನ ಒಂದು ಅಧ್ಯಯನದಲ್ಲಿ ಆಪರೇಷನ್, ರೇಡಿಯೇಷನ್, ಕಾಯುವುದು ಮೂರನ್ನೂ ಹೋಲಿಸಿದ್ದರು. 15 ವರ್ಷದ ನಂತರ ಮೂರು ಗುಂಪಿನಲ್ಲೂ ಈ ಕ್ಯಾನ್ಸರಿನಿಂದ ಸತ್ತವರು ನೂರಕ್ಕೆ ಮೂವರ ಆಸುಪಾಸು. ಆದರೆ ಆಪರೇಷನ್ ಆದವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರು 12 ವರ್ಷ ಕಳೆದರೂ ಮೂತ್ರ ಸೋರುವುದಕ್ಕೆ ಪ್ಯಾಡ್ ಬಳಸುತ್ತಿದ್ದರು.

ನಿಮ್ಮ ವಯಸ್ಸು ಇನ್ನೂ 62, ಗಟ್ಟಿಮುಟ್ಟಾಗಿದ್ದೀರಿ. ತಂದೆಗೋ ಅಣ್ಣತಮ್ಮಂದಿರಿಗೋ ಈ ಕಾಯಿಲೆ ಬಂದಿದ್ದರೆ ಮಾಡಿಸಿ ಅಂತಲೇ ಹೇಳುತ್ತೇನೆ. ಇಲ್ಲದಿದ್ದರೆ ರಕ್ತ ಕೊಡುವ ಮೊದಲೇ ಒಂದು ಯೋಚಿಸಿ: 'ಸಣ್ಣ ಕ್ಯಾನ್ಸರ್ ಇದೆ, ಸದ್ಯಕ್ಕೆ ಕಾಯೋಣ' ಅಂದರೆ ಸುಮ್ನೆ ಇರಬಲ್ಲಿರಾ? ಬಲ್ಲಿರಾದರೆ ಮಾಡಿಸಿ. 'ಇದ್ದರೆ ತೆಗೆಸಿಯೇಬಿಡಬೇಕು' ಅನ್ನುವ ಸ್ವಭಾವವಾದರೆ ಇನ್ನೊಮ್ಮೆ ಯೋಚಿಸಿ. 70 ದಾಟಿದ ಮೇಲೆ, ತೊಂದರೆ ಏನೂ ಇಲ್ಲದವರಿಗೆ ಸಾಮಾನ್ಯವಾಗಿ ನಾನು ಬೇಡ ಅನ್ನುತ್ತೇನೆ.

ಮಾಡಿಸುವುದಾದರೆ ಹಿಂದಿನ ಎರಡು ದಿನ ಸೈಕಲ್ ತುಳಿಯಬೇಡಿ, ಅದರಿಂದಲೂ ಪಿಎಸ್‌ಎ ಏರಬಹುದು. ಮೂತ್ರದಲ್ಲಿ ರಕ್ತ ಕಂಡರೆ, ಸೊಂಟದ ಮೂಳೆ ಬಿಡದೆ ನೋಯುತ್ತಿದ್ದರೆ ಇಷ್ಟೆಲ್ಲ ಅಳೆದು ಸುರಿಯುವುದು ಬೇಡ, ನೇರ ಡಾಕ್ಟರ ಬಳಿ ಹೋಗಿ.