ರೈತರಿಗೆ ಹವಾಮಾನ ಬದಲಾವಣೆ ನಿಜಕ್ಕೂ ಅಪಾಯ ಅನ್ನಿಸುತ್ತದೆಯೇ?

ಇದು ರೈತರಿಗೂ ಭಯವೇ, ಇಲ್ಲ ವಿಜ್ಞಾನಿಗಳ ತಲೆನೋವು ಮಾತ್ರವೇ ಎಂದು ಕೇಳಿದ್ದೀರಿ. ಪ್ರಶ್ನಾವಳಿ ಹಿಡಿದು ಕೆಲವು ವರ್ಷ ಹೊಲ ಸುತ್ತಿದವನು ನಾನು. ‘ಹವಾಮಾನ ಬದಲಾಗಿದೆಯೇ?’ ಎಂದರೆ ‘ಹೂಂ’ ಎಂದು ಸುಮ್ಮನಾಗುತ್ತಾರೆ. ‘ಈ ಸಲ ಬಿತ್ತನೆ ಯಾವಾಗ ಆಯಿತು?’ ಅಂದು ನೋಡಿ, ಅರ್ಧ ಗಂಟೆ ಮಾತು ನಿಲ್ಲುವುದಿಲ್ಲ.

ಒಬ್ಬ ಹೆಂಗಸು ಮಳೆ ಕಮ್ಮಿಯಾಗಿದೆ ಎಂದರು. ನನ್ನ ಹತ್ತಿರ ಮಳೆಮಾಪಕದ ಅಂಕಿಗಳಿದ್ದವು, ವರ್ಷದ ಒಟ್ಟು ಮಳೆ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ. ಜಾಣನಂತೆ ಅದನ್ನು ಹೇಳಿಯೂ ಬಿಟ್ಟೆ. ಅವರು ಬಗ್ಗಿ ಒಂದು ಹೆಂಟೆ ಎತ್ತಿ ಬೆರಳಲ್ಲಿ ಒಡೆದರು. ಹೊರಗೆ ಒದ್ದೆ, ಒಳಗೆ ಒಣ ಪುಡಿ. ಹಿಂದಿನ ದಿನವಷ್ಟೇ ಜೋರು ಮಳೆ ಬಂದಿತ್ತು. ಇಳಿಜಾರಿನಲ್ಲಿ ಹರಿದುಹೋದ ನೀರು ಅವರ ಲೆಕ್ಕದಲ್ಲಿ ಮಳೆಯೇ ಅಲ್ಲ, ಅವರು ಎಣಿಸುವುದು ಹದವನ್ನು. ಭೌತಶಾಸ್ತ್ರವೂ ಅವರ ಕಡೆಗೇ ಇದೆ: ಗಾಳಿ 1 ಡಿಗ್ರಿ ಬಿಸಿಯಾದರೆ ಸುಮಾರು ಶೇಕಡಾ 7ರಷ್ಟು ಹೆಚ್ಚು ನೀರಾವಿ ಹಿಡಿದುಕೊಳ್ಳಬಲ್ಲದು. ಸುರಿದಾಗ ಒಮ್ಮೆಲೇ ಸುರಿಯುತ್ತದೆ, ಬಿಡುವಿನಲ್ಲಿ ನೆಲದ ತೇವವನ್ನು ಬೇಗ ಹೀರುತ್ತದೆ.

ಹಾಗಂತ ರೈತರ ನೆನಪನ್ನೇ ವೇದವಾಕ್ಯ ಮಾಡಲು ನಾನು ತಯಾರಿಲ್ಲ. ಹವಾಮಾನ ಅಂದರೆ ಸಾಮಾನ್ಯವಾಗಿ 30 ವರ್ಷಗಳ ಸರಾಸರಿ. ನೆನಪು ಸರಾಸರಿ ಹಾಕುವುದಿಲ್ಲ. ಹೋದ ವರ್ಷದ ಬರ ಬೆಟ್ಟದಂತೆ ಕಾಣುತ್ತದೆ, ಎರಡು ಒಳ್ಳೆಯ ಬೆಳೆ ಬಂದರೆ ಅದೂ ಕರಗುತ್ತದೆ. ಸದ್ದಿಲ್ಲದೆ ಏರುವ ಬಿಸಿಯಂತೂ ಗಮನಕ್ಕೇ ಬರುವುದಿಲ್ಲ. ಭತ್ತ ಹೂವಾಡುವಾಗ ಉಷ್ಣಾಂಶ 35 ಡಿಗ್ರಿ ದಾಟಿದರೆ ಪರಾಗ ಕೆಟ್ಟು ಕಾಳು ಜೊಳ್ಳಾಗುತ್ತದೆ. ಬೈಗುಳ ಬೀಳುವುದು ಬೀಜ ಮಾರಿದವನಿಗೆ!

ಇನ್ನು, ಚಿಂತೆಗಳನ್ನು ಸಾಲಾಗಿ ಹೇಳಿ ಎಂದರೆ ಬೆಲೆ, ಸಾಲ, ಆಳು ಸಿಗದಿರುವುದು ಮೊದಲು ಬರುತ್ತವೆ, ಹವಾಮಾನ ಎಲ್ಲೋ ಕೊನೆಗೆ. ಅದನ್ನು ನೋಡಿ ‘ಅರಿವಿಲ್ಲ’ ಎಂದು ವರದಿ ಬರೆಯುವವರನ್ನು ಕಂಡರೆ ನನಗೆ ರೇಗುತ್ತದೆ. ಮೊದಲ ಬಿತ್ತನೆ ಒಣಗಿ ಎರಡನೇ ಸಲ ಬೀಜ ಕೊಂಡದ್ದಕ್ಕೇ ಆ ಸಾಲ ಆಗಿರುತ್ತದೆ. ಅವರಿಗೆ ಅದು ಸಾಲ, ನಮ್ಮ ಕಾಗದದಲ್ಲಿ ಹವಾಮಾನ.

ಅಪಾಯ ಗೊತ್ತಿದ್ದೂ ಕೈಕಟ್ಟಿ ಕೂತವರೂ ಇದ್ದಾರೆ. ಗುತ್ತಿಗೆಗೆ ಮಾಡುತ್ತಿದ್ದ ಒಬ್ಬರನ್ನು ಕೇಳಿದೆ: ನೀರು ನಿಲ್ಲಿಸೋಕೆ ಒಂದು ಹೊಂಡ ತೋಡಿಸಬಾರದೇ? ಅವರು ನಕ್ಕರು. ‘ತೋಡಿಸಬಹುದು ಸ್ವಾಮಿ, ಮಳೆಗಾಲ ಬರೋ ಹೊತ್ತಿಗೆ ಈ ಹೊಲ ನನ್ನ ಕೈಯಲ್ಲೇ ಇರುತ್ತೆ ಅಂತ ಯಾರಾದರೂ ಬರೆದುಕೊಟ್ಟರೆ.’